ಬಿಎಫ್‌ಡಿಗೆ ಜರ್ಮನಿಗೆ ಬಂದ ಮೊದಲ ಹದಿನೈದು ದಿನ: ಅಂಚೆಪೆಟ್ಟಿಗೆಯಿಂದ ಶುರುವಾಗುವ ನನ್ನ ಕ್ರಮ

ಬಿಎಫ್‌ಡಿ, ಅಂದರೆ ಜರ್ಮನ್ ಸರಕಾರದ ಸ್ವಯಂಸೇವಾ ಯೋಜನೆಯ ಕಾಂಟ್ರಾಕ್ಟ್ ಕೈಗೆ ಬಂದಿದೆ, ಬೆಂಗಳೂರಿನಲ್ಲಿ ವೀಸಾ ಸ್ಟಾಂಪ್ ಆಗಿದೆ, ಟಿಕೆಟ್ ಬುಕ್ ಆಗಿದೆ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿಎಫ್‌ಡಿ ಅಂದರೇನು, ಅದೇ ಬಗೆಯ ಇನ್ನೊಂದು ಸ್ವಯಂಸೇವೆಯಾದ ಎಫ್‌ಎಸ್‌ಜೆಗೂ ಅದಕ್ಕೂ ಏನು ವ್ಯತ್ಯಾಸ, ಭಾಷೆ ಎಷ್ಟು ಬೇಕು, ಇವೆಲ್ಲ ನಿಮಗೆ ಈಗಾಗಲೇ ಗೊತ್ತು. ವಿಮಾನ ಇಳಿದ ಮೇಲಿನ ಎರಡು ವಾರದ ಬಗ್ಗೆ ಮಾತ್ರ ನನ್ನ ಮಾತು. ಯಾವ ಕೆಲಸದ ಹಿಂದೆ ಯಾವ ಕೆಲಸ ಅನ್ನುವ ಸಾಲು ಆ ಎರಡು ವಾರದಲ್ಲಿ ಸರಿಯಾಗಿ ಕೂತರೆ ಉಳಿದ ವರ್ಷ ಸಲೀಸು. ಸಾಲು ತಪ್ಪಿದರೆ ಮೊದಲ ಟಾಷೆನ್‌ಗೆಲ್ಡ್ (ಸ್ವಯಂಸೇವಕರಿಗೆ ಕೊಡುವ ತಿಂಗಳ ಕೈಖರ್ಚಿನ ಹಣ) ಖಾತೆಗೆ ಬೀಳುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ.

ನನ್ನ ಸಾಲು ಇದು: ಮೊದಲು ಅಂಚೆಪೆಟ್ಟಿಗೆಯ ಮೇಲೆ ಹೆಸರು, ನಂತರ ಅನ್‌ಮೆಲ್ಡುಂಗ್ (ಕಚೇರಿಯಲ್ಲಿ ವಿಳಾಸದ ನೋಂದಣಿ), ನಂತರ ಆರೋಗ್ಯ ವಿಮೆ, ಕೊನೆಗೆ ಬ್ಯಾಂಕು. ಇದನ್ನು ಮೊದಲ ಸಲ ಹೇಳಿದಾಗ ಟ್ರೇಗರ್ (ಸ್ವಯಂಸೇವೆಯನ್ನು ನಡೆಸುವ ಸಂಸ್ಥೆ) ಕಡೆಯವರೂ ಒಪ್ಪಲಿಲ್ಲ, ನಮಗಿಂತ ಮುಂಚೆ ಬಂದಿದ್ದ ಸೀನಿಯರ್‌ಗಳೂ ಒಪ್ಪಲಿಲ್ಲ. 'ಬಂದ ದಿನವೇ ಮೊಬೈಲಿನಲ್ಲಿ ಬ್ಯಾಂಕ್ ಖಾತೆ ತೆರೆದುಬಿಡು, ಅನ್‌ಮೆಲ್ಡುಂಗ್‌ಗೆ ಹೇಗೂ ಆರು ವಾರ ಕಾಯಬೇಕು, ಅಂಚೆಪೆಟ್ಟಿಗೆಗೆ ಏನು ಅವಸರ' ಎಂಬುದೇ ಎಲ್ಲರ ವಾದ. ಆಮೇಲಿನ ವರ್ಷಗಳಲ್ಲಿ ನಾನು ಹೇಳಿಕೊಟ್ಟವರು ಹೆಚ್ಚುಕಮ್ಮಿ ಎಲ್ಲರೂ ಇದೇ ಸಾಲಿನಲ್ಲಿ ಹೋಗಿ ಎರಡು ವಾರದೊಳಗೆ ಮುಖ್ಯ ಕೆಲಸ ಮುಗಿಸಿದ್ದಾರೆ. ಹೊಸಬರಿಗೆ ಟ್ರೇಗರ್ ಕೊಡುವ ಹಾಳೆಯಲ್ಲಿ ಈಗ ಅಂಚೆಪೆಟ್ಟಿಗೆ ಮೊದಲ ಸಾಲಿಗೆ ಬಂದು ಕೂತಿದೆ. ಅದು ನನ್ನಿಂದ ಬಂತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಂಚೆಪೆಟ್ಟಿಗೆ

ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ನಂಬರ್, ಪಿನ್‌ಕೋಡ್, ಊರು, ಅಷ್ಟೇ. ಕಟ್ಟಡದೊಳಗೆ ನಿಮ್ಮನ್ನು ಹುಡುಕುವುದು ಹೆಸರಿನಿಂದಲೇ. ಅಂಚೆಯವರು ಲಕೋಟೆಯ ಮೇಲಿನ ಹೆಸರನ್ನು ಪೆಟ್ಟಿಗೆಯ ಮೇಲಿನ ಹೆಸರಿಗೆ ಹೋಲಿಸುತ್ತಾರೆ. ಹೊಂದಲಿಲ್ಲವೆಂದರೆ 'ಈ ವಿಳಾಸದಲ್ಲಿ ಸ್ವೀಕರಿಸುವವರು ಪತ್ತೆಯಾಗಲಿಲ್ಲ' ಎಂಬ ಗುರುತಿನೊಂದಿಗೆ ಪತ್ರ ಬಂದ ದಾರಿಯಲ್ಲೇ ವಾಪಸ್. ನಮ್ಮೂರಿನ ಹಾಗೆ ಪಕ್ಕದ ಮನೆಯವರನ್ನು ಕೇಳಿ ಕೊಟ್ಟು ಹೋಗುವ ಅಭ್ಯಾಸ ಪಾರ್ಸಲ್‌ಗೆ ಉಂಟು, ಕಾಗದಕ್ಕೆ ಇಲ್ಲ.

ಮೊದಲ ತಿಂಗಳು ಅಂಚೆಯಲ್ಲಿ ಏನೇನು ಬರುತ್ತದೆ ಎಂದು ಒಮ್ಮೆ ಬರೆದುಕೊಂಡು ನೋಡಿ. ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ, ಸಾಮಾಜಿಕ ವಿಮೆ ಸಂಖ್ಯೆಯ ಪತ್ರ, ಆರೋಗ್ಯ ವಿಮೆಯ ಕಾರ್ಡ್, ಬ್ಯಾಂಕ್ ಕಾರ್ಡ್, ಅದರ ಪಿನ್ ಬೇರೆಯದೇ ಲಕೋಟೆಯಲ್ಲಿ, ಫ್ಯೂರುಂಗ್ಸ್‌ಸೋಯ್ಗ್ನಿಸ್ (ಅಪರಾಧ ದಾಖಲೆ ಇಲ್ಲವೆಂಬ ನಡತೆ ಪತ್ರ), ಆಸ್‌ಲೆಂಡರ್‌ಬೆಹೋರ್ಡೆಯ (ವಿದೇಶಿಯರ ಕಚೇರಿಯ) ಕಾಗದ. ತೆರಿಗೆ ಸಂಖ್ಯೆ ತಾನಾಗಿಯೇ ಎರಡರಿಂದ ನಾಲ್ಕು ವಾರದಲ್ಲಿ ಬರುತ್ತದೆ. ಆ ಪತ್ರ ವಾಪಸ್ ಹೋದರೆ ಮತ್ತೆ ಅರ್ಜಿ ಹಾಕಿ ಇನ್ನೂ ಅಷ್ಟೇ ವಾರ ಕಾಯಬೇಕು, ಏಕೆಂದರೆ ಅದನ್ನು ಫೋನಿನಲ್ಲೋ ಇಮೇಲಿನಲ್ಲೋ ಹೇಳುವುದಿಲ್ಲ. ಹಿಂದಿನವರ ಗೋಳು ಕೇಳಿ ನಾನು ಲೆಕ್ಕ ಹಾಕಿದ ಪ್ರಕಾರ 'ನನ್ನ ಬ್ಯಾಂಕ್ ಕಾರ್ಡ್ ಬಂದೇ ಇಲ್ಲ' ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತೊಂದರೆ ಬ್ಯಾಂಕಿನದಲ್ಲ, ಪೆಟ್ಟಿಗೆಯ ಮೇಲೆ ಹೆಸರಿರಲಿಲ್ಲ.

ಹೌಸ್‌ಮೈಸ್ಟರ್ (ಕಟ್ಟಡ ನೋಡಿಕೊಳ್ಳುವವರು) ಅಚ್ಚು ಹಾಕಿಸಿ ಕೊಡುವ ಫಲಕಕ್ಕೆ ಎರಡು ಮೂರು ವಾರ ಬೇಕು. ಅದಕ್ಕೆ ಕಾಯಬೇಡಿ. ಬೀಗದ ಕೈ ಕೊಡುವ ಹೊತ್ತಿಗೇ 'ಪೆಟ್ಟಿಗೆಯ ಮೇಲೆ ತಾತ್ಕಾಲಿಕ ಚೀಟಿ ಅಂಟಿಸಲೇ' ಎಂದು ಕೇಳಿ, ಹೂಂ ಎಂದ ಕೂಡಲೇ ಅಂಟಿಸಿ. ಬಿಳಿ ದಪ್ಪ ಕಾಗದವನ್ನು ಸುಮಾರು ಆರೇಳು ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ದೊಡ್ಡಕ್ಷರದಲ್ಲಿ ಬರೆದು, ಮೇಲೆ ಅಗಲದ ಪಾರದರ್ಶಕ ಟೇಪು ಕಾಗದದ ಅಂಚು ದಾಟುವಂತೆ ಹಾಕಬೇಕು. ಅಂಚಿಗೆ ಸರಿಯಾಗಿ ಟೇಪು ಕತ್ತರಿಸಿದರೆ ಮಳೆನೀರು ಒಳಗೆ ಇಳಿದು ಶಾಯಿ ಹರಡುತ್ತದೆ. ಹೊರಗಿನ ಪೆಟ್ಟಿಗೆಗೆ ಇಂಕ್‌ಜೆಟ್ ಪ್ರಿಂಟ್ ಬೇಡ, ಪರ್ಮನೆಂಟ್ ಮಾರ್ಕರ್ ಒಳ್ಳೆಯದು. ಕರೆಗಂಟೆಯ ಪಕ್ಕಕ್ಕೂ ಇಂಥದೇ ಇನ್ನೊಂದು ಚೀಟಿ ಬೇಕು, ಪಾರ್ಸಲ್‌ನವರು ನೋಡುವುದು ಅದನ್ನು.

ಹೆಸರು ಯಾವುದು ಎಂಬಲ್ಲಿ ಕರ್ನಾಟಕದವರಿಗೆ ಬೇರೆಯದೇ ತಲೆನೋವಿದೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇನಿಷಿಯಲ್ ಬಿಡಿಸಿ ಬರೆದ ಅಪ್ಪನ ಹೆಸರೋ ಊರಿನ ಹೆಸರೋ ಸ್ವಂತ ಹೆಸರಿನ ಜೊತೆಗೇ ಗಿವನ್ ನೇಮ್‌ನಲ್ಲಿ ಸೇರಿಕೊಂಡಿರುತ್ತದೆ. ಇಲ್ಲಿನ ಕಚೇರಿಯ ಕಂಪ್ಯೂಟರ್‌ಗೆ ಕುಟುಂಬದ ಹೆಸರು ಬೇಕೇ ಬೇಕು. ಒಬ್ಬ ಸಿಬ್ಬಂದಿ ಇಡೀ ಸಾಲನ್ನು ಕುಟುಂಬದ ಹೆಸರಿನ ಜಾಗಕ್ಕೆ ಹಾಕುತ್ತಾರೆ, ಇನ್ನೊಬ್ಬರು ಕೊನೆಯ ಪದವನ್ನು ಮಾತ್ರ ಕಿತ್ತು ಹಾಕುತ್ತಾರೆ. ವಿಮೆಯವರು ಒಂದು ರೀತಿ, ಬ್ಯಾಂಕಿನವರು ಮತ್ತೊಂದು ರೀತಿ ಬರೆದರೆ ಒಬ್ಬ ಮನುಷ್ಯ ಮೂವರಾಗುತ್ತಾನೆ. ಅದಕ್ಕೆ ನನ್ನ ನಿಯಮ: ಚೀಟಿಯ ಮೇಲೆ ಪಾಸ್‌ಪೋರ್ಟಿನಲ್ಲಿರುವ ಎಲ್ಲ ಪದಗಳನ್ನೂ ಅದೇ ಕ್ರಮದಲ್ಲಿ ಬರೆಯಿರಿ. ಆಗ ಯಾವ ಕಚೇರಿ ಹೇಗೆ ಕತ್ತರಿಸಿದರೂ ಅಂಚೆಯವರ ಕಣ್ಣಿಗೆ ಹೊಂದುತ್ತದೆ. ಅನ್‌ಮೆಲ್ಡುಂಗ್ ಕಾಗದ ಕೈಗೆ ಬಂದ ಮೇಲೆ ಮಾತ್ರ ಅದರಲ್ಲಿ ಹೇಗಿದೆಯೋ ಹಾಗೆಯೇ ವಿಮೆಗೂ ಬ್ಯಾಂಕಿಗೂ ಕೊಡಿ. ಬ್ಯಾಂಕನ್ನು ಕೊನೆಗೆ ಇಟ್ಟಿದ್ದಕ್ಕೆ ಅರ್ಧ ಕಾರಣ ಇದೇ.

ಅನ್‌ಮೆಲ್ಡುಂಗ್

ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಆಗಬೇಕು ಎಂಬುದು ಕಾನೂನು. ದೊಡ್ಡ ಊರುಗಳಲ್ಲಿ ಅಷ್ಟರೊಳಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಬಿಎಫ್‌ಡಿಗಳು ಹೆಚ್ಚಾಗಿ ಆಗಸ್ಟ್ ಅಥವಾ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತವೆ. ಬೇಸಿಗೆ ರಜೆಯಲ್ಲಿ ಕಚೇರಿಯಲ್ಲಿ ಅರ್ಧ ಜನ ಇರುವುದಿಲ್ಲ, ಮನೆ ಬದಲಿಸುವವರ ಸಾಲು ಮಾತ್ರ ಆಗಲೇ ಉದ್ದ. ಆದ್ದರಿಂದ ಟಿಕೆಟ್ ಬುಕ್ ಆದ ದಿನವೇ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕುಳಿತು ಅಪಾಯಿಂಟ್‌ಮೆಂಟ್ ಹಿಡಿಯಿರಿ. ಅದಕ್ಕೆ ಬೇಕಿರುವುದು ಹೆಸರು ಮತ್ತು ಇಮೇಲ್ ಮಾತ್ರ. ಬರ್ಲಿನ್‌ನಂಥ ಊರಿನಲ್ಲಿ ನಿಮ್ಮ ಬಡಾವಣೆಯದೇ ಆಗಬೇಕೆಂದಿಲ್ಲ, ನಗರದ ಯಾವ ಬ್ಯುರ್ಗರಾಮ್ಟ್ (ನಾಗರಿಕ ಸೇವಾ ಕಚೇರಿ) ಆದರೂ ನಡೆಯುತ್ತದೆ. ರದ್ದಾದ ಜಾಗಗಳು ಮತ್ತೆ ತೆರೆದುಕೊಳ್ಳುವ ಹೊತ್ತೊಂದಿದೆ. ಅದು ಯಾವ ಹೊತ್ತು ಎಂದು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದೇ ಗಳಿಗೆಗೆ ಕುಳಿತರೆ ಯಾರಿಗೂ ಸಿಗುವುದಿಲ್ಲ. ಮೂರು ನಾಲ್ಕು ದಿನ ಗಮನಿಸಿದರೆ ನಿಮ್ಮ ಊರಿನ ಲಯ ನಿಮಗೇ ತಿಳಿಯುತ್ತದೆ. ಸಣ್ಣ ಪಟ್ಟಣಗಳ ರಾಟ್‌ಹೌಸ್‌ನಲ್ಲಿ (ಪುರಸಭೆ ಕಚೇರಿಯಲ್ಲಿ) ಬೆಳಿಗ್ಗೆ ನೇರ ಹೋದರೂ ಕೆಲಸ ಆಗುವುದುಂಟು.

ಇಲ್ಲಿ ಕೆಲಸ ಕೆಡುವುದು ಒಂದೇ ಕಾಗದದಿಂದ: ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್, ಅಂದರೆ ಮನೆ ಕೊಟ್ಟವರ ದೃಢೀಕರಣ. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ಬಿಎಫ್‌ಡಿ ಕಾಂಟ್ರಾಕ್ಟ್‌ನಲ್ಲಿ 'ವಸತಿ ಕೊಡಲಾಗುವುದು' ಎಂದಿದ್ದರೂ ನಡೆಯುವುದಿಲ್ಲ. ಐನ್ಸಾಟ್ಸ್‌ಷ್ಟೆಲ್ಲೆಯೇ, ಅಂದರೆ ನೀವು ಸೇವೆ ಮಾಡುವ ಸಂಸ್ಥೆಯೇ, ಮನೆ ಕೊಟ್ಟಿದ್ದರೆ ಸಹಿ ಮಾಡಬೇಕಾದವರು ಅವರ ಆಡಳಿತ ವಿಭಾಗದವರು. ಅವರು ಶುಕ್ರವಾರ ಮಧ್ಯಾಹ್ನಕ್ಕೆ ಮನೆಗೆ ಹೋಗಿಬಿಡುತ್ತಾರೆ. ಇದಕ್ಕೇ ನಾನು ಎಲ್ಲರಿಗೂ ಹೇಳುವುದು, ಸೋಮವಾರದಿಂದ ಬುಧವಾರದೊಳಗೆ ಇಳಿಯುವಂತೆ ಟಿಕೆಟ್ ಮಾಡಿ ಎಂದು. ಶನಿವಾರದ ಟಿಕೆಟ್‌ನಲ್ಲಿ ಮೂರು ಸಾವಿರ ರೂಪಾಯಿ ಉಳಿಯಬಹುದು. ಆದರೆ ಭಾನುವಾರ ಅಂಗಡಿ ಬಂದ್, ಕಚೇರಿ ಬಂದ್, ಬೀಗದ ಕೈ ಕೊಡುವವರೂ ಇಲ್ಲ ಎಂದಾಗ ಹಾಸ್ಟೆಲ್‌ನಲ್ಲಿ ಎರಡು ರಾತ್ರಿಗೆ ಐವತ್ತರಿಂದ ಎಂಬತ್ತು ಯೂರೊ ಹೋಗುತ್ತದೆ.

ಆ ಫಾರ್ಮಿನಲ್ಲಿ ಮನೆ ಸೇರಿದ ದಿನಾಂಕ ಮುಂದಿನದಾಗಿರಬಾರದು, ಏಕೆಂದರೆ ವಾಸ ಶುರುವಾಗುವ ಮುನ್ನ ನೋಂದಣಿ ಇಲ್ಲ. ಹಾಗಾಗಿ ಉಳಿದ ಜಾಗವನ್ನೆಲ್ಲ ಮೊದಲೇ ತುಂಬಿಸಿ ಪಿಡಿಎಫ್ ಕಳಿಸಿ, ದಿನಾಂಕವನ್ನೂ ಸಹಿಯನ್ನೂ ಬಂದ ದಿನ ಹಾಕಿಸಿಕೊಳ್ಳಿ. ಎರಡು ನಿಮಿಷದ ಕೆಲಸ.

ಮಕ್ಕಳ ಜೊತೆ ಅಥವಾ ಅಂಗವಿಕಲರ ವಸತಿಯಲ್ಲಿ ಕೆಲಸ ಮಾಡುವವರಿಗೆ ವಿಸ್ತೃತ ಫ್ಯೂರುಂಗ್ಸ್‌ಸೋಯ್ಗ್ನಿಸ್ ಬೇಕಾಗುತ್ತದೆ. ಅದಕ್ಕೆ ಅರ್ಜಿ ಹಾಕುವುದೂ ಇದೇ ಕಿಟಕಿಯಲ್ಲಿ. ಬಹಳ ಜನ ಅದಕ್ಕೆಂದು ಇನ್ನೊಂದು ಅಪಾಯಿಂಟ್‌ಮೆಂಟ್ ಮಾಡುತ್ತಾರೆ, ಮತ್ತೆ ಮೂರು ವಾರ. ಐನ್ಸಾಟ್ಸ್‌ಷ್ಟೆಲ್ಲೆಯಿಂದ 'ಸ್ವಯಂಸೇವೆಗಾಗಿ ಬೇಕು' ಎಂಬ ಪತ್ರ ಮೊದಲೇ ತರಿಸಿಟ್ಟುಕೊಂಡು ನೋಂದಣಿ ಮುಗಿದ ಕೂಡಲೇ ಅದೇ ಕುರ್ಚಿಯಲ್ಲಿ ಕುಳಿತು ಕೊಡಿ. ಪತ್ರ ಇದ್ದರೆ ಶುಲ್ಕವಿಲ್ಲ, ಇಲ್ಲದಿದ್ದರೆ 13 ಯೂರೊ. ಊರಿನಲ್ಲಿ 500 ರೂಪಾಯಿ ಕಟ್ಟಿ ಮಾಡಿಸಿದ ಪೊಲೀಸ್ ಪ್ರಮಾಣಪತ್ರ ಇದರ ಬದಲಿಗೆ ನಡೆಯುವುದಿಲ್ಲ. ಕೆಲವರು ಎರಡನ್ನೂ ಕೇಳುತ್ತಾರೆ, ಇಟ್ಟುಕೊಂಡಿರಿ.

ಸಹಿ ಹಾಕುವ ಮುನ್ನ ಪ್ರಿಂಟ್‌ನಲ್ಲಿ ನಾಲ್ಕು ಜಾಗ ನೋಡಿ. ಹೆಸರಿನ ಅಕ್ಷರ, ಹುಟ್ಟಿದ ದಿನ ಮತ್ತು ತಿಂಗಳು ಅದಲು ಬದಲಾಗಿದೆಯೇ, ಹುಟ್ಟಿದ ಊರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ, ಧರ್ಮದ ಕಾಲಂ. ಧರ್ಮದ ಕಾಲಂ ಚರ್ಚ್ ತೆರಿಗೆಗೆ ಸಂಬಂಧಿಸಿದ್ದು. ಮಂಗಳೂರು ಕಡೆಯ ಕ್ಯಾಥೊಲಿಕ್ ಗೆಳೆಯರು ಇಲ್ಲಿ ಯೋಚಿಸಿ ಬರೆಯಬೇಕು. ಟಾಷೆನ್‌ಗೆಲ್ಡ್‌ಗೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಬಿಎಫ್‌ಡಿ ವರ್ಷದಲ್ಲಿ ಏನೂ ಕಟ್ ಆಗುವುದಿಲ್ಲ. ಆದರೆ ಮುಂದೆ ಆಸ್‌ಬಿಲ್ಡುಂಗ್ (ವೃತ್ತಿ ತರಬೇತಿ) ಅಥವಾ ಕೆಲಸ ಹಿಡಿದು ಆದಾಯ ತೆರಿಗೆ ಶುರುವಾದರೆ ಆ ತೆರಿಗೆಯ 8 ಅಥವಾ 9 ಶೇಕಡಾ, ರಾಜ್ಯದ ಮೇಲೆ ಹೊಂದಿ, ಚರ್ಚಿಗೆ ಹೋಗುತ್ತದೆ.

ವಿಮೆ, ಲಸಿಕೆ

ವಿಮೆಯ ಕಂತನ್ನು ಪೂರ್ತಿ ಐನ್ಸಾಟ್ಸ್‌ಷ್ಟೆಲ್ಲೆ ಕಟ್ಟುತ್ತದೆ, ಯಾವ ಕ್ರಾಂಕನ್‌ಕಾಸೆ (ಆರೋಗ್ಯ ವಿಮೆ ಸಂಸ್ಥೆ) ಎಂಬುದನ್ನು ಮಾತ್ರ ನೀವು ಆರಿಸಬೇಕು. ರಕ್ಷಣೆ ಶುರುವಾಗುವುದು ಸೇವೆಯ ಮೊದಲ ದಿನದಿಂದ, ವಿಮಾನ ಇಳಿದ ದಿನದಿಂದ ಅಲ್ಲ. ನಡುವಿನ ದಿನಗಳಿಗೆ ಊರಿನಿಂದ ತಂದ ಪ್ರಯಾಣ ವಿಮೆ ಜೀವಂತ ಇರಬೇಕು. ಸೇವೆ ಶುರುವಾಗುವ ದಿನದ ಮೇಲೆ ಇನ್ನೊಂದು ವಾರ ಸೇರಿಸಿ ಮಾಡಿಸುವುದು ಕ್ಷೇಮ. ಕಾರ್ಡ್‌ಗೆ ಫೋಟೊ ಅಪ್‌ಲೋಡ್ ಮಾಡದೆ ಬಿಟ್ಟರೆ ಕಾರ್ಡ್ ಅಚ್ಚಾಗುವುದೇ ಇಲ್ಲ. ಅಷ್ಟರಲ್ಲಿ ಡಾಕ್ಟರ್ ಹತ್ತಿರ ಹೋಗಬೇಕಾದರೆ ಕಾಸೆಯಿಂದ ಕಾಗದದ ದೃಢೀಕರಣ ತರಿಸಿಕೊಳ್ಳಿ, ಕೇಳಿದ ದಿನವೇ ಕಳಿಸುತ್ತಾರೆ.

ಕಿಟಾ (ಶಿಶುವಿಹಾರ), ಶಾಲೆ, ಆಸ್ಪತ್ರೆಗೆ ಬರುವವರಿಗೆ ದಡಾರ ಲಸಿಕೆಯ ದಾಖಲೆ ಕಡ್ಡಾಯ, 2020ರ ಮಾರ್ಚ್‌ನಿಂದ. ಎರಡು ಡೋಸ್ ತೋರಿಸಬೇಕು. 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹಾಕಿದ ದಡಾರ-ರುಬೆಲ್ಲಾ ಅಭಿಯಾನದ ಲಸಿಕೆ ಒಂದು ಡೋಸ್ ಮಾತ್ರ, ಅದರ ಚೀಟಿಯೂ ಬಹುತೇಕರ ಬಳಿ ಈಗ ಇಲ್ಲ. ಬಾಲ್ಯದ ತಾಯಿ ಕಾರ್ಡ್ ಹುಡುಕುತ್ತ ಕೂರುವುದಕ್ಕಿಂತ ಊರಿನಲ್ಲೇ ಎಂಎಂಆರ್ ಎರಡು ಡೋಸ್ ನಾಲ್ಕು ವಾರದ ಅಂತರದಲ್ಲಿ ಹಾಕಿಸಿ, ಬ್ಯಾಚ್ ನಂಬರ್ ಮತ್ತು ಸೀಲು ಸಮೇತ ಇಂಗ್ಲಿಷ್‌ನಲ್ಲಿ ಬರೆಸಿ ತನ್ನಿ. ರಕ್ತ ಪರೀಕ್ಷೆಯಲ್ಲಿ ದಡಾರದ ವಿರುದ್ಧದ ಪ್ರತಿಕಾಯ (ಐಜಿಜಿ) ತೋರಿಸಿದರೂ ಆಗುತ್ತದೆ. ಅಡುಗೆಮನೆಯಲ್ಲಿ ಕೈ ಹಾಕುವ ಕೆಲಸವಿದ್ದರೆ ಗೆಸುಂಡ್‌ಹೈಟ್ಸಾಮ್ಟ್‌ನ (ಸ್ಥಳೀಯ ಆರೋಗ್ಯ ಇಲಾಖೆಯ) ನೈರ್ಮಲ್ಯ ತಿಳುವಳಿಕೆಯ ಪ್ರಮಾಣಪತ್ರವೂ ಬೇಕು. ಕೆಲಸಕ್ಕೆ ಸೇರುವಾಗ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಸುಮಾರು ಮೂವತ್ತು ಯೂರೊ ಆಗುತ್ತದೆ, ರಸೀದಿ ಕೊಟ್ಟು ಐನ್ಸಾಟ್ಸ್‌ಷ್ಟೆಲ್ಲೆಯಿಂದ ವಾಪಸ್ ಕೇಳಿ.

ಬ್ಯಾಂಕು ಮತ್ತು ದುಡ್ಡು

ಬಂದ ದಿನವೇ ಮೊಬೈಲ್ ಖಾತೆ ತೆರೆಯಲು ಹೊರಟವರು ಮುಗ್ಗರಿಸುವುದು ಗುರುತಿನ ಹಂತದಲ್ಲಿ. ಭಾರತದ ಪಾಸ್‌ಪೋರ್ಟನ್ನು ಕೆಲವು ವಿಡಿಯೊ ಸೇವೆಗಳು ಒಪ್ಪುವುದಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಪಾಸ್‌ಪೋರ್ಟ್ ಮತ್ತು ಅನ್‌ಮೆಲ್ಡುಂಗ್ ಕಾಗದ ಒಟ್ಟಿಗೆ ತೋರಿಸಿದರೆ ಅದೇ ಗುರುತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಂದು ಬ್ಯಾಂಕು ಖಾತೆ ಕೊಡುವುದಿಲ್ಲ ಎಂದರೆ ಕೈ ಚೆಲ್ಲಬೇಡಿ, 'ಬಾಸಿಸ್‌ಕಾಂಟೊ' (ಮೂಲಭೂತ ಬ್ಯಾಂಕ್ ಖಾತೆ) ಅರ್ಜಿ ಎಂದು ಲಿಖಿತವಾಗಿ ಕೊಡಿ. 2016ರಿಂದ ಅದು ಕಾನೂನಿನ ಹಕ್ಕು, ಹತ್ತು ಕೆಲಸದ ದಿನದೊಳಗೆ ಬ್ಯಾಂಕು ಉತ್ತರ ಕೊಡಬೇಕು. ತಿಂಗಳ ಶುಲ್ಕ ಮಾತ್ರ ಮೊದಲೇ ಕೇಳಿ, ಕೆಲವು ಕಡೆ ದುಬಾರಿ.

ಇದರಲ್ಲಿ ಯಾರೂ ಹೇಳದ ವಿಷಯವೊಂದಿದೆ. ಐನ್ಸಾಟ್ಸ್‌ಷ್ಟೆಲ್ಲೆಯ ಸಂಬಳ ವಿಭಾಗ ತಿಂಗಳ ಲೆಕ್ಕವನ್ನು ನಡುವಿನಲ್ಲೇ, ಬಹಳ ಕಡೆ 10ರಿಂದ 15ನೇ ತಾರೀಖಿನೊಳಗೆ ಮುಚ್ಚುತ್ತದೆ. ಅಷ್ಟರಲ್ಲಿ ಐಬಾನ್ (ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ) ಕೊಡದಿದ್ದರೆ ನಿಮ್ಮ ದುಡ್ಡು ಮುಂದಿನ ತಿಂಗಳಿಗೆ ಜಾರುತ್ತದೆ. ಎರಡು ತಿಂಗಳು ಬರಿಗೈಲಿ ಕೂತವರ ಕಥೆಯೆಲ್ಲ ಇಲ್ಲಿಂದ ಶುರು. ಆದ್ದರಿಂದ ಬರುವ ಮುನ್ನವೇ ಎರಡು ಪ್ರಶ್ನೆ ಇಮೇಲ್‌ನಲ್ಲಿ ಕೇಳಿ: ಲೆಕ್ಕ ಮುಚ್ಚುವ ತಾರೀಖು ಯಾವುದು, ಮೊದಲ ತಿಂಗಳಿಗೆ ಫೋರ್‌ಷುಸ್, ಅಂದರೆ ಮುಂಗಡ, ನಗದಾಗಿ ಕೊಡುತ್ತೀರಾ. ನಾನು ಆ ಇಮೇಲ್ ಬರೆಯುವ ಧಾಟಿ ನನ್ನ ಹತ್ತಿರವೇ ಇರಲಿ, ಕೇಳಿದ ಜೂನಿಯರ್‌ಗಳಿಗೆ ಕೊಡುತ್ತೇನೆ. ಇದುವರೆಗೆ ಅದಕ್ಕೆ ಇಲ್ಲ ಅಂದವರು ಕಡಿಮೆ.

ಲಿಥುವೇನಿಯಾ ಅಥವಾ ಬೆಲ್ಜಿಯಂ ಐಬಾನ್ ಇರುವ ಆಪ್ ಖಾತೆಯಿಂದಲೂ ಒಂದು ಪ್ರಯೋಗ ಮಾಡಿದೆ. 'ಜರ್ಮನಿಯ ಐಬಾನ್ ಇಲ್ಲದೆ ಆಗುವುದಿಲ್ಲ' ಎಂಬ ಉತ್ತರ ಸಂಬಳ ವಿಭಾಗದಿಂದ ಬಂತು. ಯೂರೊ ಪಾವತಿಗೆ ಸೆಪಾ (ಯುರೋಪಿನ ಏಕೀಕೃತ ಯೂರೊ ಪಾವತಿ) ವಲಯದ ಯಾವುದೇ ದೇಶದ ಐಬಾನ್ ಒಪ್ಪಬೇಕು ಎಂದು 2012ರ ಯುರೋಪಿಯನ್ ನಿಯಮವೇ ಇದೆ. ಅದನ್ನು ವಿನಯದಿಂದ ತೋರಿಸಿದ ಮೇಲೆ ಹಣ ಬಂತು. ಆದರೂ ರುಂಡ್‌ಫುಂಕ್ (ಟಿವಿ-ರೇಡಿಯೊ ಶುಲ್ಕ), ಟಿಕೆಟ್, ಫೋನು ಎಲ್ಲದಕ್ಕೂ ಆ ವಾದ ಮಾಡುತ್ತ ಕೂರುವುದಕ್ಕಿಂತ ಇಲ್ಲಿನ ಖಾತೆಯೇ ಲೇಸು.

ಮೊದಲ ತಿಂಗಳ ಖರ್ಚು ನೆನಪಿನಿಂದ: ಪ್ರಿಪೇಯ್ಡ್ ಸಿಮ್ ಹತ್ತು ಯೂರೊ, ಹಾಸಿಗೆ ಹೊದಿಕೆ ಅರವತ್ತು, ಹಳೆಯ ಸೈಕಲ್ ಎಂಬತ್ತರಿಂದ ನೂರು, ಊಟದ ಹಣ ಬರುವವರೆಗೆ ದಿನಸಿ ನೂರೈವತ್ತು. ಡಾಯ್ಚ್‌ಲಾಂಡ್‌ಟಿಕೆಟ್ (ದೇಶದ ಸ್ಥಳೀಯ ಬಸ್ಸು-ರೈಲುಗಳ ತಿಂಗಳ ಪಾಸ್) 2023ರಲ್ಲಿ 49 ಇದ್ದದ್ದು 2025ರಲ್ಲಿ 58 ಆಗಿ, 2026ರಿಂದ 63 ಆಗಿದೆ. ಬೇಡವಾದರೆ ತಿಂಗಳ 10ರೊಳಗೆ ರದ್ದು ಮಾಡಬೇಕು, ತಪ್ಪಿದರೆ ಇನ್ನೊಂದು ತಿಂಗಳ ದುಡ್ಡು ಕಟ್. ಕೆಲವು ರಾಜ್ಯಗಳಲ್ಲಿ ಸ್ವಯಂಸೇವಕರಿಗೆ ರಿಯಾಯಿತಿ ಇದೆ, ಟ್ರೇಗರ್‌ನ ಕೇಳಿ. ರೆಸಿಡೆನ್ಸ್ ಕಾರ್ಡ್ ಮಾಡಿಸಬೇಕಾದರೆ ನೂರು ಯೂರೊ ಬೇರೆ. ಒಟ್ಟು ಎಂಟುನೂರು ಯೂರೊ ಕೈಯಲ್ಲಿದ್ದರೆ ಸಾಕು: ನಗದು ಮುನ್ನೂರೈವತ್ತು ನಾನೂರು, ಉಳಿದದ್ದು ಫೊರೆಕ್ಸ್ ಕಾರ್ಡ್‌ನಲ್ಲಿ. ಟಾಷೆನ್‌ಗೆಲ್ಡ್‌ಗೆ 2025ರಲ್ಲಿ ಕಾನೂನಿನ ಗರಿಷ್ಠ ಮಿತಿ 644 ಇತ್ತು. ಅಷ್ಟು ಕೊಡುವವರು ಕಡಿಮೆ, ಮುನ್ನೂರೈವತ್ತರಿಂದ ಐನೂರರ ನಡುವೆ ನಿರೀಕ್ಷಿಸಿ.

ಊರಿನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಅಲ್ಲೇ ಇದ್ದಾಗ ಆನ್ ಮಾಡಿಸಿ, ನಮ್ಮ ಬ್ಯಾಂಕುಗಳ ಒಟಿಪಿ ಬರಬೇಕಲ್ಲ.

ಸೂಟ್‌ಕೇಸ್ ಮತ್ತು ಒಲೆ

ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿಯನ್ ಒಕ್ಕೂಟದೊಳಗೆ ಹೊರದೇಶದಿಂದ ತರುವಂತಿಲ್ಲ. ತುಪ್ಪ ಬೇಡ, ಧಾರವಾಡ ಪೇಡ ಬೇಡ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ, ತೆಂಗಿನಕಾಯಿಗೆ ಬೇಕಿಲ್ಲ. ಸಾರಿನ ಪುಡಿ, ಹುಣಸೆಹಣ್ಣು, ರಾಗಿ ಹಿಟ್ಟು ನಾನು ಯಾವ ತಕರಾರೂ ಇಲ್ಲದೆ ತಂದಿದ್ದೇನೆ. ನಮ್ಮ ಎರಡು ಪಿನ್ನಿನ ಚಾರ್ಜರ್ ಇಲ್ಲಿ ಹಾಗೇ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದೇ ಇಲ್ಲ, ಸ್ಟೀಲಿನ ಇಂಡಕ್ಷನ್ ತಳದ ಮೂರು ಲೀಟರಿನದು ತನ್ನಿ.

ದೋಸೆ ಹಿಟ್ಟು ಹುದುಗಿಸುವುದರಲ್ಲಿ ಬಹಳ ದಿನ ತಲೆ ಹಾಕಿದೆ. ಒಂದಕ್ಕೆ ಮೂರು ಉದ್ದು ಅಕ್ಕಿ, ಅರ್ಧ ಚಮಚ ಮೆಂತ್ಯ. ಅಕ್ಟೋಬರ್ ನಂತರ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೆ ಒಂದು ದಿನ ಕಳೆದರೂ ಗುಳ್ಳೆ ಏಳುವುದಿಲ್ಲ. ಅವನ್ ಆರಿಸಿ ಒಳಗಿನ ದೀಪ ಮಾತ್ರ ಹಾಕಿ ಇಟ್ಟಾಗ ಹನ್ನೆರಡು ಗಂಟೆಯಲ್ಲಿ ಉಬ್ಬಿತು. ಆದರೆ ಆ ದೀಪ ಹಳೆಯ ಬಗೆಯ ಇಪ್ಪತ್ತೈದು ವ್ಯಾಟ್ ಬಲ್ಬ್ ಆಗಿರಬೇಕು. ಹೊಸ ಅವನ್‌ಗಳ ಎಲ್‌ಇಡಿಯಿಂದ ಶಾಖವೇ ಬರುವುದಿಲ್ಲ, ಅಂಥ ಕಡೆ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು ಎರಡು ಸಲ ಬದಲಿಸಬೇಕು. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆಯಿರಿ. ಮಲಗುವ ಕೋಣೆಗಳಲ್ಲೂ ಹಾದಿಯಲ್ಲೂ ಹೊಗೆ ಅಲಾರಂ ಇರುತ್ತದೆ, ಒಣಮೆಣಸಿನ ಘಾಟಿಗೆ ಅದು ಕೂಗುತ್ತದೆ.

ಉಳಿದ ಎರಡು ಕಾಗದ

ವೀಸಾ ಹನ್ನೆರಡು ತಿಂಗಳಿಗೂ ಸಿಕ್ಕಿದ್ದರೆ ಆಸ್‌ಲೆಂಡರ್‌ಬೆಹೋರ್ಡೆಗೆ ಅವಸರವಿಲ್ಲ. ಮೂರೋ ಆರೋ ತಿಂಗಳಿಗೆ ಸಿಕ್ಕಿದ್ದರೆ ಅನ್‌ಮೆಲ್ಡುಂಗ್ ಆದ ದಿನವೇ ಅರ್ಜಿ ಕಳಿಸಿ. ಅವಧಿ ಮುಗಿಯುವ ಮುನ್ನ ಅರ್ಜಿ ಸೇರಿದ ಪುರಾವೆ ನಿಮ್ಮ ಹತ್ತಿರ ಇರಬೇಕು, ಕಾರ್ಡ್ ಬರುವವರೆಗೆ ಫಿಕ್ಷನ್ಸ್‌ಬೆಷೈನಿಗುಂಗ್ (ತಾತ್ಕಾಲಿಕ ವಾಸದ ಪತ್ರ) ಸಿಗುವುದು ಅದರ ಆಧಾರದ ಮೇಲೆ. 2025ರ ಮೇ ತಿಂಗಳಿಂದ ಕಾಗದದ ಫೋಟೊ ತೆಗೆದುಕೊಳ್ಳುವುದಿಲ್ಲ. ಊರಿನ ಸ್ಟುಡಿಯೊದಲ್ಲಿ ಡಜನ್‌ಗಟ್ಟಲೆ ಪ್ರಿಂಟ್ ಹಾಕಿಸಿ ತರಬೇಡಿ, ಯಂತ್ರ ಇರುವ ಕಚೇರಿಯಲ್ಲಿ ಆರು ಯೂರೊಗೆ ಅಲ್ಲೇ ತೆಗೆಯುತ್ತಾರೆ.

ನಾಲ್ಕನೆಯ ವಾರದ ಆಸುಪಾಸಿನಲ್ಲಿ ರುಂಡ್‌ಫುಂಕ್‌ಬೈಟ್ರಾಗ್‌ನ ಪತ್ರ ಬರುತ್ತದೆ. ಟಿವಿ ಇಲ್ಲ, ರೇಡಿಯೊ ಇಲ್ಲ ಎಂಬ ಉತ್ತರಕ್ಕೆ ಬೆಲೆಯಿಲ್ಲ, ತಿಂಗಳಿಗೆ 18.36 ಯೂರೊ ಮನೆಯ ಲೆಕ್ಕದಲ್ಲಿ ಬೀಳುತ್ತದೆ, ತಲೆಯ ಲೆಕ್ಕದಲ್ಲಿ ಅಲ್ಲ. ವೇಗೇಯಲ್ಲಿ (ಹಲವರು ಹಂಚಿಕೊಂಡಿರುವ ಮನೆಯಲ್ಲಿ) ಈಗಾಗಲೇ ಒಬ್ಬರು ಕಟ್ಟುತ್ತಿದ್ದರೆ ಅವರ ಒಂಬತ್ತು ಅಂಕಿಯ ಸಂಖ್ಯೆಯನ್ನು ಫಾರ್ಮಿನಲ್ಲಿ ಬರೆದು ಕಳಿಸಿ, ನಿಮ್ಮ ಹೆಸರಿನಲ್ಲಿ ಬೇರೆ ಬಿಲ್ ಬರುವುದಿಲ್ಲ. ಪತ್ರವನ್ನು ಜಾಹೀರಾತು ಎಂದುಕೊಂಡು ಕಸಕ್ಕೆ ಹಾಕಿದವರಿಗೆ ಅನ್‌ಮೆಲ್ಡುಂಗ್ ದಿನದಿಂದಲೇ ಲೆಕ್ಕ ಹಾಕಿ ಮೂರು ತಿಂಗಳ 55 ಯೂರೊ ಒಟ್ಟಿಗೆ ಕೇಳುತ್ತಾರೆ.